ಹನ್ನೊಂದನೇ ಮನೆಯ ಕುಡಿಕೆ

ಏಳು ಸುತ್ತಿನ ಕೋಟೆ ಕಣ್ಣೆದುರಿಗೇ ನಿಂತಿರುವ ಊರಿನಲ್ಲಿ ಒಬ್ಬ ಓದಿದ ಮನುಷ್ಯ ಹಾಳುಬಿದ್ದ ಹತ್ತಿ ಮಿಲ್ಲಿನ ಕೂಲಿಗಳ ಬಚ್ಚಲು ಅಗೆಯುತ್ತ ಕೂತಿದ್ದಾನೆಂದರೆ ಅವನಿಗೆ ಎಲ್ಲೋ ಸ್ಕ್ರೂ ಸಡಿಲವಾಗಿದೆ ಎಂದೇ ಚಿತ್ರದುರ್ಗದ ಜನ ತೀರ್ಮಾನಿಸಿದ್ದರು. ನಿರಂಜನನಿಗೆ ಇದು ಗೊತ್ತಿತ್ತು. ಹೋಟೆಲಿನಲ್ಲಿ ದೋಸೆಗೆ ಕಾಯುತ್ತ ಕೂತರೆ ಪಕ್ಕದ ಮೇಜಿನವರು, 'ಮೇಷ್ಟ್ರೆ, ಇವತ್ತು ಯಾರ ಕಕ್ಕಸ್ಸು ಸಿಕ್ತು?' ಎಂದು ಕೇಳುತ್ತಿದ್ದರು. ಅವನು ನಕ್ಕು, ಕೈಗಾರಿಕಾ ನಗರಗಳ ಕಾರ್ಮಿಕ ವಸತಿಯ ಪುರಾತತ್ವ ಎಂಬುದು ಈಗ ಪ್ರಪಂಚದಲ್ಲೆಲ್ಲ ನಡೆಯುತ್ತಿರುವ ಅಧ್ಯಯನವೆಂದೂ, ರಾಜರ ಅರಮನೆ ಅಗೆದದ್ದು ಸಾಕಾಯಿತೆಂದೂ, ದುಡಿದವರ ಒಲೆ ಎಲ್ಲಿತ್ತು, ನೀರು ಎಲ್ಲಿಂದ ಬರುತ್ತಿತ್ತು ಎಂಬುದೂ ಚರಿತ್ರೆಯೇ ಎಂದೂ ವಿವರಿಸುತ್ತಿದ್ದ. ಮಾತು ಚೆನ್ನಾಗಿಯೇ ಇರುತ್ತಿತ್ತು. ಆದರೆ ಆ ಮಾತಿನ ತುದಿಯಲ್ಲಿ ಯಾರಾದರೂ 'ನಿಮ್ಮದು ಯಾವೂರಾತು?' ಅಂದರೆ ಸಾಕು, ಪುಣ್ಯಾತ್ಮನ ಗಂಟಲಲ್ಲಿ ದೋಸೆ ಸಿಕ್ಕಿಕೊಳ್ಳುತ್ತಿತ್ತು. 'ಹೊಳಲ್ಕೆರೆ ಕಡೆ. ನಮ್ಮಪ್ಪ ಅಲ್ಲಿ ಮೇಷ್ಟ್ರಾಗಿದ್ರು' ಎನ್ನುತ್ತಿದ್ದ. ಹೆಂಡತಿ ಸುಪ್ರಿಯಾಳಿಗೂ ಹಾಗೇ ಹೇಳಿದ್ದ, ಮಾವನಿಗೂ ಹಾಗೇ ಹೇಳಿದ್ದ, ಹೇಳಿ ಹೇಳಿ ಈಗ ಅವನಿಗೇ ಕಣ್ಣು ಮುಚ್ಚಿದರೆ ಅಪ್ಪನ ಕೈಯಲ್ಲೊಂದು ಸೀಮೆಸುಣ್ಣ ಕಾಣುವಂತಾಗಿತ್ತು. ಹತ್ತನೇ ವಯಸ್ಸಿಗೆ ಹೊಳಲ್ಕೆರೆಯ ಹಾಸ್ಟೆಲಿಗೆ ಸೇರಿದ್ದು ನಿಜ. ಅದಕ್ಕೂ ಮುಂಚಿನ ಹತ್ತು ವರ್ಷ ಅವನು ಈ ಲೈನ್ ಮನೆಗಳಲ್ಲಿ, ಮೂರನೇ ಸಾಲಿನ ಹನ್ನೊಂದನೇ ಮನೆಯಲ್ಲಿ, ಮಿಲ್ಲಿನ ಕೂಲಿ ಜಂಪಣ್ಣನ ಮಗ ಬೋರಯ್ಯನಾಗಿದ್ದ ಎಂಬುದೂ ಅಷ್ಟೇ ನಿಜ.

ಆ ಹನ್ನೊಂದನೇ ಮನೆಯ ಗುಂಡಿಯಲ್ಲೇ ಅವನು ಈ ಬೆಳಿಗ್ಗೆ ಕುಕ್ಕುರುಗಾಲಲ್ಲಿ ಕೂತಿದ್ದ. ಮನೆ ಅಂದರೆ ಏನು, ಹತ್ತಡಿ ಹನ್ನೆರಡಡಿಯ ಒಂದು ಕೋಣೆ. ಹೆಂಚು, ತೊಲೆ, ಬಾಗಿಲು ಎಲ್ಲವನ್ನೂ ಜನ ಯಾವತ್ತೋ ಹೊತ್ತುಕೊಂಡು ಹೋಗಿದ್ದರು. ಉಳಿದದ್ದು ಮೊಳಕಾಲುದ್ದದ ಗೋಡೆ, ಅದರೊಳಗೆ ಜಾಲಿ. ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿಗೆ ಮಣ್ಣು ಎದ್ದು ಕನ್ನಡಕದೊಳಗೆ ಹೋಗುತ್ತಿತ್ತು. ಮೂರು ವಾರದ ಹಿಂದೆ ಮೊದಲ ದಿನ ದಾರ ಕಟ್ಟುವಾಗ ಅವನು ಯೋಚಿಸದೆ, 'ಬಚ್ಚಲು ಆ ಮೂಲೇಲಿ ಬರುತ್ತೆ, ಅಲ್ಲಿಂದ ಶುರು ಮಾಡಿ' ಅಂದುಬಿಟ್ಟಿದ್ದ. ಅವನ ಕೈಕೆಳಗೆ ಸಂಶೋಧನೆ ಮಾಡುವ ರೋಜಾ ತಲೆಯೆತ್ತಿ, 'ನಿಮಗೆ ಹೆಂಗೆ ಗೊತ್ತಾತು ಸರ್? ನೆಲ ಎಲ್ಲಾ ಒಂದೇ ಥರ ಐತಲ್ಲ' ಎಂದು ಕೇಳಿದ್ದಳು. ಇಳಿಜಾರು ಎಂದಿದ್ದ. ಅನುಭವ ಎಂದಿದ್ದ. ಹುಡುಗಿ ಭಕ್ತಿಯಿಂದ ಬರೆದುಕೊಂಡಿದ್ದಳು. ಆ ಮೂಲೆಯಲ್ಲಿ ಅವ್ವ ಹುಲಿಗೆಮ್ಮ ಅವನನ್ನು ಎರಡು ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ಯುತ್ತಿದ್ದಳು, ಹೊಗೆಗೆ ಕಣ್ಣು ಉರಿಯುತ್ತಿತ್ತು, ಹೊರಗೆ ಮಿಲ್ಲು ಕೂಗುತ್ತಿತ್ತು, ಇದನ್ನೆಲ್ಲ ಯಾವ ಅಡಿಟಿಪ್ಪಣಿಯಲ್ಲಿ ಹಾಕುವುದು? ಹಾಗಾಗಿ ಸಿಕ್ಕಿದ್ದನ್ನೆಲ್ಲ ಅವನು ಪರದೇಶಿಯಂತೆ ನೋಡುವುದನ್ನು ಕಲಿತಿದ್ದ. ನೂಲು ಸುತ್ತುವ ಮರದ ಬಾಬಿನ್ ಒಂದು ಸಿಕ್ಕಿತು. ಅದಕ್ಕೆ ಕಡ್ಡಿ ಚುಚ್ಚಿ, ಇನ್ನೊಂದು ಬಾಬಿನ್ ಸೇರಿಸಿ, ಗಾಡಿ ಮಾಡಿ ಓಡಿಸಿದವನು ಅವನೇ. ರಿಜಿಸ್ಟರಿನಲ್ಲಿ 'ಉತ್ಪಾದನಾ ಸಾಧನ, ಮರದ್ದು, ತೂತಿನ ಉದ್ದೇಶ ಅಸ್ಪಷ್ಟ' ಎಂದು ಬರೆದ. ಒಡೆದ ಹಸಿರು ಬಳೆ, ಸ್ಲೇಟಿನ ಚೂರು, ಗೋಲಿಸೋಡದ ಗೋಲಿ, ಎಲ್ಲಕ್ಕೂ ನಂಬರು ಬಿತ್ತು. ನಂಬರಿನ ಪಕ್ಕದಲ್ಲಿ 'ನಿವಾಸಿ' ಎಂಬ ಕಾಲಂ. ಬೇರೆ ಮನೆಗಳ ಮುಂದೆ ಅಲ್ಲಲ್ಲಿ ಹೆಸರು ಸಿಕ್ಕಿದ್ದವು. ಹನ್ನೊಂದರ ಮುಂದೆ ಮಾತ್ರ ಅವನು ಪ್ರತಿದಿನ ಖಾಲಿ ಬಿಡುತ್ತಿದ್ದ.

ತಮಾಷೆ ಏನೆಂದರೆ, ಗೊತ್ತಿದ್ದದ್ದನ್ನೆಲ್ಲ ಗೊತ್ತಿಲ್ಲವೆಂದು ಬರೆದವನು, ನಿಜವಾಗಿ ಗೊತ್ತಿಲ್ಲದ ಒಂದೇ ಒಂದರ ಬಗ್ಗೆ ಇಪ್ಪತ್ತು ಪುಟದ ಪ್ರಬಂಧ ಬರೆದಿದ್ದ. ಅದು ಕುಡಿಕೆ. ಅಗೆದ ಮನೆ ಮನೆಯಲ್ಲೂ ಬಚ್ಚಲ ಕಲ್ಲಿನ ಕೆಳಗೆ, ಒಂದು ಮೊಳ ಆಳದಲ್ಲಿ, ಬಾಯಿಗೆ ಮಡಕೆಯ ಚೂರು ಮುಚ್ಚಿದ ಸಣ್ಣ ಮಣ್ಣಿನ ಕುಡಿಕೆಗಳು. ಒಂದು ಮನೆಯಲ್ಲಿ ಎರಡು, ಇನ್ನೊಂದರಲ್ಲಿ ಮೂರು, ಹದಿನಾಲ್ಕನೇ ಮನೆಯಲ್ಲಿ ನಾಲ್ಕು. ಒಳಗೆ ಕರಿಮಣ್ಣು, ಒಣಗಿದ ಅಡಿಕೆ, ಬೇವಿನ ಕಡ್ಡಿಯಂಥದ್ದೇನೋ. ನಿರಂಜನ ಮೂರು ದಿನ ನಿದ್ದೆಗೆಟ್ಟು ಯೋಚಿಸಿದ. ಹರಿಯಬ್ಬೆ, ಆದಿವಾಲ, ಎಲ್ಲೆಲ್ಲಿಂದಲೋ ಮಿಲ್ಲಿಗೆ ಬಂದು ಸೇರಿದ ಜನ, ನಲ್ಲಿ ಇದ್ದದ್ದು ಸಾಲಿಗೊಂದು, ಆದ್ದರಿಂದ ನೀರಿಗಾಗಿ ಇವರೆಲ್ಲ ಗುಟ್ಟಾಗಿ ಒಂದು ದೇವತೆಯನ್ನು ಬಚ್ಚಲಲ್ಲಿ ಹೂತು ಪೂಜಿಸುತ್ತಿದ್ದರು. 'ಶ್ರಮಿಕರ ಜಲದೇವತಾ ಆರಾಧನೆ.' ಪತ್ರಿಕೆಯವರು ಅರ್ಧ ಪುಟ ಬರೆದರು. ಹುಟ್ಟಿದಾಗಿನಿಂದ ಹತ್ತು ವರ್ಷ ಅದೇ ಬಚ್ಚಲಲ್ಲಿ ಮಿಂದವನಿಗೆ ಅಂಥ ದೇವತೆಯ ಸುದ್ದಿಯೇ ಇರಲಿಲ್ಲವಲ್ಲ ಎಂಬ ಅನುಮಾನ ಒಂದು ಸಲ ಸುಳಿಯಿತು. ಮಕ್ಕಳಿಗೆ ಹೇಳುವುದು ನಿಷಿದ್ಧವಾಗಿತ್ತು ಎಂದು ಅದನ್ನೂ ಪ್ರಬಂಧದಲ್ಲೇ ಸೇರಿಸಿದ. ನಿನ್ನೆ ಸಂಜೆ, ಕೊನೆಗೂ ಬಚ್ಚಲ ಕಲ್ಲು ಎತ್ತಿಸಿದಾಗ, ಹನ್ನೊಂದನೇ ಮನೆಯಲ್ಲೂ ಒಂದು ಕುಡಿಕೆಯ ಬಾಯಿ ಕಾಣಿಸಿತು. ಒಂದೇ ಒಂದು. ಯೋಜನೆಯ ಮುಖ್ಯಸ್ಥರಾದ ಕನಕರಾಜ್ ಫೋನಿನಲ್ಲೇ, 'ಮುಟ್ಟಬೇಡಿ. ನಾಳೆ ನಾನೇ ಬಂದು ಎತ್ತುತ್ತೇನೆ, ಫೋಟೋದವರಿಗೆ ಹೇಳಿ' ಎಂದಿದ್ದರು.

'ಏನಪ್ಪ ಮೇಷ್ಟ್ರೆ, ಬಿಡುವೈತಾ?'

ತಲೆಯ ಮೇಲಿಂದ ಬಂದ ಧ್ವನಿ ದುರುಗಕ್ಕನದು. ನಿರಂಜನ ತಲೆ ಎತ್ತಲಿಲ್ಲ. ಇಡೀ ಲೈನಿನಲ್ಲಿ ಈಗ ಉಳಿದಿರುವವಳು ಇವಳೊಬ್ಬಳೇ, ಒಂಬತ್ತನೇ ಮನೆ, ಹೆಂಚಿನ ಬದಲು ತಗಡು. ಎಂಬತ್ತು ದಾಟಿರಬೇಕು, ಬೆನ್ನು ಕೊಕ್ಕೆಯಾಗಿದೆ. ಒಂದು ಕಾಲದಲ್ಲಿ ಇವಳು ಲೈನಿನ ಸೂಲಗಿತ್ತಿ, ಅವನ ಬಾಯಲ್ಲಿ 'ದೊಡ್ಡವ್ವ'. ಮೊದಲ ದಿನ ಅವಳು ಎದುರಿಗೆ ಬಂದು ನಿಂತಾಗ ಅವನು ಬಗ್ಗಿ ದಾರ ಬಿಗಿದಿದ್ದ. ಅವಳ ಕಣ್ಣಿನಲ್ಲಿ ಪೊರೆ ಬಂದಿದೆ, ಗುರುತು ಸಿಗಲಿಲ್ಲ ಎಂದುಕೊಂಡು, 'ಅಜ್ಜಿ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ದಾರ ಮುಟ್ಟಬೇಡಿ' ಎಂದಿದ್ದ. ಅವಳು ಆ ಕಡೆ ನಿಂತುಕೊಂಡಿದ್ದಳು. ಕಳೆದ ತಿಂಗಳು ಅವಳಿಗೆ ನೋಟೀಸು ಬಂದಿತ್ತು. ಈ ಜಾಗ ತೆರವಾಗುತ್ತದೆ, ಮಿಲ್ಲು ಬಾಗಿಲು ಹಾಕುವ ಮೊದಲಿನಿಂದ ಇಲ್ಲಿದ್ದವರಿಗೆ ಮಾತ್ರ ಬದಲಿ ಮನೆ, ಆಮೇಲೆ ಬಂದು ಸೇರಿಕೊಂಡವರು ಎದ್ದು ಹೋಗಬೇಕು. ಮನೆ ಕೊಟ್ಟ ಕಾಗದ ಗಂಡನ ಹೆಸರಲ್ಲಿತ್ತು, ಗಂಡನೂ ಇಲ್ಲ, ಕಾಗದವೂ ಇಲ್ಲ, ಮಿಲ್ಲಿನ ಆಫೀಸೂ ಇಲ್ಲ. ವಿಚಾರಣೆ ನಾಳೆ.

'ಹೋದ ವಾರ ಬರ್ಕೊಟ್ಟಿದ್ಯಲ್ಲ ಕಾಗದ, ಅದನ್ನ ತಾಲ್ಲೂಕಾಪೀಸಿನೋರು ವಾಪಸ್ ಒಗದ್ರಪ್ಪ' ಎಂದಳು ದುರುಗಕ್ಕ.

'ಯಾಕೆ? ಸೀಲು ಹಾಕಿದ್ದೆನಲ್ಲ.'

'ಸೀಲೇನೋ ಐತೆ. ಮಾಹಿತಿದಾರರ ಹೇಳಿಕೆ ಪ್ರಕಾರ ಈಕೆ ಇಲ್ಲಿದ್ದಳು ಎನ್ನಲಾಗಿದೆ ಅಂತ ಬರ್ದಿದ್ಯಂತೆ. ಆ ಮಾಹಿತಿದಾರ ಯಾರು ಅಂತ ಕೇಳಿದ್ರು. ನಾನೇ ಅಂದೆ. ಹೇಳ್ದೋಳೂ ನೀನೇ ಸಾಕ್ಷೀನೂ ನೀನೇ, ಇದ್ಯಾವ ನ್ಯಾಯನಮ್ಮ ಅಂತ ನಕ್ಕರು. ನನ್ ಮಾತಿಗೆ ನಾನೇ ಸಾಕ್ಷಿ ಆಗೋ ಹಂಗಿದ್ರೆ ನಿನ್ನ ಸೀಲು ಯಾಕೆ ಬೇಕಾಗಿತ್ತು ಹೇಳು.'

'ನಾನು ನೋಡದೇ ಇರೋದನ್ನ ನೋಡಿದೀನಿ ಅಂತ ಬರೆಯೋಕಾಗಲ್ಲ ಅಜ್ಜಿ. ನಮ್ಮದು ಶಾಸ್ತ್ರ' ಎಂದ ನಿರಂಜನ. ಹೇಳುವಾಗ ಕುಂಚದಿಂದ ಕುಡಿಕೆಯ ಬಾಯಿಯ ಮಣ್ಣು ಗುಡಿಸುತ್ತಿದ್ದ, ಹಾಗಾಗಿ ಮುಖ ನೋಡುವ ಕಷ್ಟ ಬರಲಿಲ್ಲ. ದುರುಗಕ್ಕ ಬಗ್ಗಿ ಆ ಕುಡಿಕೆಯನ್ನು ನೋಡಿದಳು. 'ಹೌದೇಳು, ಶಾಸ್ತ್ರ' ಎಂದು ಗೋಡೆಯ ಮೇಲೆ ಕೂತಳು.

ಹನ್ನೊಂದಕ್ಕೆ ಕನಕರಾಜರ ಜೀಪು ಬಂತು. ಇಸ್ತ್ರಿ ಮಾಡಿದ ಪ್ಯಾಂಟನ್ನು ಮಡಚಿಕೊಂಡು ಅವರು ಗುಂಡಿಗೆ ಇಳಿದರು. ಫೋಟೋದವರು ಗೋಡೆಯ ಮೇಲೆ ಹತ್ತಿದರು. ಕುಡಿಕೆ ಮೇಲೆ ಬಂತು, ಒಂದು ಅಂಗೈಯಷ್ಟು, ಒಂದು ಕಡೆ ಹೊಗೆ ಹಿಡಿದದ್ದು. ದುಡಿಯುವ ಜನರ ನಂಬಿಕೆಗೆ ನಾವು ವಿದ್ಯಾವಂತರು ಗೌರವ ಕೊಡದಿದ್ದರೆ ಇನ್ಯಾರು ಕೊಡುತ್ತಾರೆ ಎಂದು ಕನಕರಾಜ್ ಕ್ಯಾಮೆರಾದ ಕಡೆ ತಿರುಗಿ ಹೇಳಿ, ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಡ್ರೈವರ್ ಜೀಪಿನ ಗಣಪತಿಗೆ ಇಟ್ಟಿದ್ದ ಸೇವಂತಿಗೆ ತಂದ, ಕುಂಕುಮ ತಂದ. ಕುಡಿಕೆಗೆ ಕುಂಕುಮ ಬಿತ್ತು, ಹೂವು ಬಿತ್ತು. 'ಬನ್ನಿ ನಿರಂಜನ್, ನಿಮ್ಮ ಆವಿಷ್ಕಾರ, ನೀವು ಮಾಡಿ.' ನಿರಂಜನ ಕರ್ಪೂರ ಹಚ್ಚಿ ಮೂರು ಸುತ್ತು ಬೆಳಗಿದ. ಬಗ್ಗಿ ಕೈ ಮುಗಿದ. ಮುಗಿದು ಏಳುವಾಗ ಗೋಡೆಯ ಮೇಲೆ ಕೂತ ದುರುಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ಕಂಡಿತು. ಭಕ್ತಿಯಿಂದ ಗದ್ಗದಿತಳಾಗಿದ್ದಾಳೆ ಎಂದುಕೊಂಡ. ಕನಕರಾಜರಿಗೂ ಹಾಗೇ ಕಂಡಿತೆಂದು ಕಾಣುತ್ತದೆ. 'ಏನಜ್ಜಿ, ಇದು ನಿಮ್ಮ ಲೈನಿನ ದೇವರೇ ತಾನೆ?' ಎಂದು ಕೇಳಿದರು. ಜೊತೆಗೆ ಬಂದಿದ್ದ ಪತ್ರಿಕೆಯವರ ಪೆನ್ನುಗಳು ಸಿದ್ಧವಾದವು. ದುರುಗಕ್ಕ ಸೆರಗು ಇಳಿಸಿದಳು. ನಿರಂಜನನನ್ನು ಒಂದು ಗಳಿಗೆ ನೋಡಿದಳು, ಪೊರೆ ಬಂದ ಕಣ್ಣಿನಲ್ಲಿ ಇಷ್ಟು ನೆಟ್ಟಗೆ ನೋಡಬಹುದೆಂದು ಅವನಿಗೆ ಗೊತ್ತಿರಲಿಲ್ಲ.

'ಹೂಂ ಸ್ವಾಮಿ, ದೇವ್ರೇ' ಎಂದಳು.

ಎಲ್ಲರೂ ಜೀಪಿನ ಹತ್ತಿರ ಚಹಾ ಕುಡಿಯಲು ಹೋದರು. ನಿರಂಜನನೂ ಏಳುತ್ತಿದ್ದ. ದುರುಗಕ್ಕ ಸಣ್ಣ ಧ್ವನಿಯಲ್ಲಿ, 'ಲೇ ಬೋರ' ಎಂದಳು.

ಮೂವತ್ತೇಳು ವರ್ಷದಿಂದ ಯಾರೂ ಕರೆಯದ ಹೆಸರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವನು ಮೊದಲು ಜೀಪಿನ ಕಡೆ ನೋಡಿದ.

'ಕೇಳಿಸ್ಲಿಲ್ಲ ಬಿಡು ಯಾರಿಗೂ. ಕುಂತ್ಕ. ದೇವ್ರು ಅಂತ ಬರ್ದಿದೀಯಂತಲ್ಲೋ. ಅದು ಮಾಸು ಕಣೋ. ಕೂಸು ಹುಟ್ಟಿದ ಮ್ಯಾಲೆ ಬೀಳೋ ಮಾಸು. ಉಪ್ಪು, ಅಡಿಕೆ, ಬೇವಿನಕಡ್ಡಿ ಹಾಕಿ ಕುಡಿಕೇಲಿಟ್ಟು ಬಚ್ಚಲಾಗೆ ಹೂಳ್ತಿದ್ದೆ. ಬಾಣಂತಿ ಮೀಯೋ ಬಿಸಿನೀರು ಅದರ ಮ್ಯಾಲೆ ಹರೀಬೇಕು, ಕೂಸು ತಣ್ಣಗಿರುತ್ತೆ ಅಂತ. ಇದೆಲ್ಲ ಗಂಡಸರಿಗೆ ಹೇಳೋದಲ್ಲ, ನಿಂಗೆ ಯಾರು ಹೇಳ್ಬೇಕು. ಹದಿನಾಕನೇ ಮನ್ಯಾಗೆ ಎಷ್ಟು ಸಿಕ್ಕಿದ್ವು?'

'ನಾಲ್ಕು.'

'ಆ ಮನೆಯಾಕಿ ಐದು ಹೆತ್ತಿದ್ಲು. ಹಾಂ, ಕೊನೇ ಮಗಳು ಯಶೋಧ ಹುಟ್ಟಿದ್ದು ಆಸ್ಪತ್ರ್ಯಾಗೆ. ನಾಕೇ ಸರಿ. ಈ ಮನ್ಯಾಗೆ ಒಂದೇ. ಹುಲಿಗೆಮ್ಮ ಒಂದು ಹೆತ್ತಿದ್ದಕ್ಕೇ ಸುಸ್ತಾಗಿದ್ಲು. ಮಿಲ್ಲು ಎರಡನೇ ಕೂಗು ಕೂಗೋವಾಗ ಹುಟ್ಟಿದೆ ನೀನು. ಈಗ ಕರ್ಪೂರ ಬೆಳಗಿ ಕೈ ಮುಗದ್ಯಲ್ಲ, ಅದು ನಿಂದೇ.' ಅವಳಿಗೆ ಮತ್ತೆ ನಗು ಬಂತು. 'ಆ ಸಾಹೇಬ ಬ್ಯಾರೆ ಕಣ್ಣಿಗೊತ್ತಿಕೊಂಡ್ನಲ್ಲೋ.'

'ಮತ್ತೆ ಯಾಕೆ ದೇವರು ಅಂದಿರಿ?'

'ಏನನ್ಬೇಕಿತ್ತು? ಅಷ್ಟು ಗಂಡಸರ ಮುಂದೆ ನಿಮ್ಮವ್ವನ ಬಾಣಂತನ ಬಿಚ್ಚಿಡ್ಲಾ? ಮೊದಲ್ನೇ ದಿನಾನೇ ನಿನ್ನ ಗುರುತು ಸಿಕ್ತು. ನಿಮ್ಮಪ್ಪಂದೇ ನಡಿಗೆ. ನೀನಾಗೇ ಮಾತಾಡಿಸ್ತೀಯ ಅಂತ ಕಾದೆ. ಅಜ್ಜಿ ಆ ಕಡೆ ನಿಂತ್ಕೊಳ್ಳಿ ಅಂದಿ. ನಿಂತ್ಕೊಂಡೆ.' ದುರುಗಕ್ಕ ಮೊಣಕಾಲು ಒತ್ತಿಕೊಂಡಳು. 'ಈಗ ಬರ್ಕೊಡಪ್ಪ. ನೋಡದೇ ಇರೋದನ್ನ ಬರಿ ಅಂತ ನಾನೇನು ಕೇಳ್ತಿಲ್ಲ. ಈ ಮನೆ ಜಂಪಣ್ಣಂದು, ಕೂಸು ನಾನು, ಸೂಲಗಿತ್ತಿ ಒಂಬತ್ತನೇ ಮನೆ ದುರುಗಕ್ಕ, ಅಂತ ಬರಿ ಸಾಕು. ನಿಮ್ಮ ಬುಕ್ಕಿನಾಗೆ ಇದ್ರೆ ತರ್ಸಿ ನೋಡ್ತೀವಿ ಅಂದಾರೆ ತಾಲ್ಲೂಕಾಪೀಸಿನೋರು. ನಿನ್ನ ಬಿಟ್ರೆ ಹೇಳೋರು ಯಾರವ್ರೆ, ಎಲ್ಲಾ ಸತ್ತು ಮಣ್ಣಾದ್ರು.'

ನಿರಂಜನ ಎದ್ದು, ಮೊಳಕಾಲಿನ ಮಣ್ಣು ಕೊಡವಿಕೊಂಡು, ಜೀಪಿನ ಕಡೆ ನಡೆದ. ನಡಿಗೆ ಅಪ್ಪನದು ಎಂದಿದ್ದಳಲ್ಲ, ಈಗ ಹೆಜ್ಜೆ ಹೇಗೆ ಇಟ್ಟರೂ ತಪ್ಪೆನಿಸತೊಡಗಿತು. ಜಂಪಣ್ಣ ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ಹಾಸ್ಟೆಲಿಗೆ ಒಂದು ಸಲ ಹಾಗೇ ಎಳೆದುಕೊಂಡು ಬಂದಿದ್ದ, ಪಾಳಿ ಮುಗಿಸಿ ಮುಖ ಕೂಡ ತೊಳೆಯದೆ ಬಸ್ಸು ಹತ್ತಿರಬೇಕು, ಹುಬ್ಬಿನ ಮೇಲೆ, ಕಿವಿಯ ಕೂದಲಿನಲ್ಲಿ ಹತ್ತಿ. ಕೈಯಲ್ಲಿ ಚಕ್ಕುಲಿಯ ಡಬ್ಬಿ. ಜೊತೆಯ ಹುಡುಗರು, 'ಯಾರೋ ಅದು, ಮುದುಕನ ವೇಷ?' ಎಂದು ನಕ್ಕಾಗ ಬೋರಯ್ಯ, 'ನಮ್ಮೂರಿನೋರು. ನಮ್ಮಪ್ಪ ಕಳ್ಸಿದಾರೆ' ಎಂದಿದ್ದ. ಅಪ್ಪನಿಗೆ ಕೇಳಿಸಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಜಂಪಣ್ಣ ಆ ಹುಡುಗರ ಕಡೆ ತಿರುಗಿ, 'ಹೌದ್ರಪ್ಪ, ಅವರಪ್ಪ ಬಾಳ ಕೆಲ್ಸದಾಗಿದ್ರು, ಅದ್ಕೇ ನನ್ನ ಕಳ್ಸಿದ್ರು' ಎಂದು ಡಬ್ಬಿ ಕೊಟ್ಟು, ಅದೇ ಬಸ್ಸಿಗೆ ವಾಪಸಾಗಿದ್ದ. ಆ ಚಕ್ಕುಲಿಯನ್ನು ಎಲ್ಲರಿಗೂ ಹಂಚಿ ತಾನೂ ತಿಂದದ್ದು, ತಿಂದು ಎಣ್ಣೆ ಕೈಯನ್ನು ಚಡ್ಡಿಗೆ ಒರೆಸಿಕೊಂಡದ್ದು ನಿರಂಜನನಿಗೆ ಈಗ ನೆನಪಾಗಿ ಕೈ ತೊಳೆದುಕೊಳ್ಳಬೇಕು ಅನ್ನಿಸಿತು. ಆ ಸುಳ್ಳನ್ನು ಶುರುಮಾಡಿದವನು ತಾನು, ಒಪ್ಪಿ ಮುಂದುವರಿಸಿದವನು ಅಪ್ಪ. ಈಗಷ್ಟೇ ದುರುಗಕ್ಕ 'ದೇವ್ರೇ' ಅಂದದ್ದೂ ಹಾಗೇ. ಈ ಲೈನಿನವರಿಗೆ ಇದೊಂದು ಚಟ, ಯಾರು ತಮ್ಮನ್ನು ಅಲ್ಲಗಳೆದರೂ ಹೌದಪ್ಪ ಎಂದು ಒಪ್ಪಿಕೊಂಡು ಅವನ ಮಾನ ಉಳಿಸುವುದು. ಸಿಟ್ಟು ಬಂತು ಅವನಿಗೆ, ಯಾರ ಮೇಲೆ ಅಂತ ಕೇಳಬಾರದು.

ಜೀಪಿನ ಬಾನೆಟ್ಟಿನ ಮೇಲೆ ರೋಜಾ ರಿಜಿಸ್ಟರ್ ಬಿಚ್ಚಿಟ್ಟಿದ್ದಳು. ಹತ್ತಿ ಹಾಸಿದ ರಟ್ಟಿನ ಡಬ್ಬಿಯಲ್ಲಿ ಕುಡಿಕೆ ಕುಂಕುಮ ಸಮೇತ ಕೂತಿತ್ತು. 'ಎಲ್ಲ ತುಂಬಿದೆ, ನಿವಾಸಿ ಕಾಲಂ ಒಂದು ಖಾಲಿ' ಎಂದರು ಕನಕರಾಜ್. 'ಇದರ ಪ್ರತಿ ಸಂಜೆಯೇ ತಾಲ್ಲೂಕು ಕಚೇರಿಗೆ ಹೋಗಬೇಕು, ಆ ಯಾವುದೋ ಮುದುಕಿಯ ಕೇಸಿಗೆ ಕೇಳಿದ್ದಾರೆ. ನಮ್ಮ ದಾಖಲೆಯನ್ನ ಅವರು ಪುರಾವೆ ಅಂತ ತಗೋತಾರೆ, ನೋಡಿ, ಎಂಥ ಗೌರವ. ಈ ಮನೆಯವರದು ಏನಾದರೂ ತಿಳಿಯಿತಾ?'

ಒಂದು ಹೆಸರು ಬರೆದರೆ ಏನಾಗುತ್ತದೆ? ಜಂಪಣ್ಣ, ಹುಲಿಗೆಮ್ಮ. ಹೇಗೆ ತಿಳಿಯಿತು ಎಂದು ಕೇಳುತ್ತಾರೆ. ನಾನು ಅವರ ಮಗ ಎನ್ನಬೇಕು. ಆಗ ಆ ಕುಡಿಕೆ ಏನು ಎಂಬುದೂ ಹೊರಗೆ ಬರುತ್ತದೆ, ಇಪ್ಪತ್ತು ಪುಟದ ಜಲದೇವತೆ ಒಂದೇ ದಿನದಲ್ಲಿ ಬಚ್ಚಲು ಪಾಲಾಗುತ್ತಾಳೆ. ಕನಕರಾಜ್ ತಮ್ಮ ಎರಡೂ ಕಣ್ಣು ಒರೆಸಿಕೊಳ್ಳುತ್ತಾರೆ. ಹೋಟೆಲಿನಲ್ಲಿ ದೋಸೆ ತಿನ್ನುವ ಜನ ಹತ್ತು ವರ್ಷ ಬಿಡುವುದಿಲ್ಲ, 'ಮೇಷ್ಟ್ರು ಅವರದೇ ಮಾಸಿಗೆ ಮಂಗಳಾರತಿ ಮಾಡಿದ್ರಂತೆ.' ಸುಪ್ರಿಯಾ ನಗುವುದಿಲ್ಲ, ಅದೇ ಕಷ್ಟ. 'ಹೊಳಲ್ಕೆರೆ ಮೇಷ್ಟ್ರು ಯಾರು ಮತ್ತೆ?' ಎಂದು ತಣ್ಣಗೆ ಕೇಳುತ್ತಾಳೆ. ಆದರೆ ನಾಳೆ ಈ ಮುದುಕಿ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಎಂಬತ್ತು ವರ್ಷದವಳು ತಗಡು ಹೊತ್ತುಕೊಂಡು ಎಲ್ಲಿಗೆ ಹೋಗುತ್ತಾಳೆ? ಬೇರೆ ಏನಾದರೂ ಪುರಾವೆ ಸಿಕ್ಕೀತು. ಸರಕಾರ ಅಂದಮೇಲೆ ಏನಾದರೂ ದಾರಿ ಇದ್ದೇ ಇರುತ್ತದೆ. ತಾನೇ ಆಮೇಲೆ ಯಾರಿಗಾದರೂ ಹೇಳಿ ಮಾಡಿಸಬಹುದು. ಹೀಗೆಲ್ಲ ಯೋಚಿಸುವುದಕ್ಕೆ ಅವನಿಗೆ ಹಿಡಿದದ್ದು ಪೆನ್ನಿನ ಕ್ಯಾಪು ತೆಗೆಯುವಷ್ಟು ಹೊತ್ತು. ಬರೆದ. ಮೊದಲು ಕುಡಿಕೆಯ ಚೀಟಿಯಲ್ಲಿ, ಆಮೇಲೆ ರಿಜಿಸ್ಟರಿನಲ್ಲಿ. 'ಮನೆ ಸಂಖ್ಯೆ ಹನ್ನೊಂದು. ವಸ್ತು: ಆರಾಧನಾ ಕುಡಿಕೆ. ನಿವಾಸಿ: ತಿಳಿದಿಲ್ಲ.' ಅಕ್ಷರ ಅವನದು ಮೊದಲಿನಿಂದಲೂ ದುಂಡು. ಕನಕರಾಜ್ ಕೆಳಗೆ ರುಜು ಹಾಕಿದರು. ಡಬ್ಬಿಯನ್ನು ಡ್ರೈವರ್ ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದ. ಜೀಪು ಹೋಯಿತು.

ರೋಜಾ ರಿಜಿಸ್ಟರ್ ಎದೆಗವಚಿಕೊಂಡು ಅಲ್ಲೇ ನಿಂತಿದ್ದಳು. ಆಗ ಅವನಿಗೆ ಚಹಾ ಕೊಡಲೆಂದು ಅವಳು ಗೋಡೆಯ ಹತ್ತಿರ ಬಂದಿದ್ದಳೇ, 'ಲೇ ಬೋರ' ಕೇಳಿಸಿತ್ತೇ, ನಿರಂಜನನಿಗೆ ಗೊತ್ತಾಗಲಿಲ್ಲ. ಅವನು ಸಾಮಾನು ಎತ್ತಿಕೊಳ್ಳಲು ಗುಂಡಿಗೆ ವಾಪಸು ಬಂದ, ಅವಳೂ ಹಿಂದೆ ಬಂದಳು. ದುರುಗಕ್ಕ ಒಂಬತ್ತನೇ ಮನೆಯಿಂದ ಚೆಂಬು ಹಿಡಿದು, ಗೋಡೆ ಆತುಕೊಂಡು, ನಿಧಾನಕ್ಕೆ ಬರುತ್ತಿದ್ದಳು. ಚೆಂಬಿನಿಂದ ಹಬೆ ಏಳುತ್ತಿತ್ತು. ಬಚ್ಚಲ ಮೂಲೆಯಲ್ಲಿ, ಕುಡಿಕೆ ಕಿತ್ತ ಜಾಗದಲ್ಲಿ, ಮುಷ್ಟಿಯಷ್ಟು ಕುಳಿ ಬಾಯಿ ತೆರೆದುಕೊಂಡಿತ್ತು. ಅವಳು ಬಗ್ಗಿ ಬಿಸಿನೀರನ್ನು ಅದಕ್ಕೆ ಹೊಯ್ದಳು, ಮಣ್ಣು ಗುಟುಗುಟು ಕುಡಿಯಿತು.

'ಕಿತ್ತ ಜಾಗ ಒಣಗಬಾರ್ದು. ಕಿತ್ತಿದ್ದು ನಾನು ಕಂಡಿಲ್ಲ ಯಾವತ್ತೂ, ಆದ್ರೂ ಇರ್ಲಿ' ಎಂದಳು. ಆಮೇಲೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ರೋಜಾಳ ಎದೆಯ ಮೇಲಿದ್ದ ರಿಜಿಸ್ಟರಿನ ಕಡೆ ಗದ್ದ ತೋರಿಸಿದಳು. 'ಸಾಹೇಬ್ರು ರುಜು ಹಾಕಿದ್ದು ನೋಡ್ದೆ. ನಂಗೆ ಓದಾಕ್ ಬರಲ್ಲ. ಏನು ಬರದ್ಯಪ್ಪ?'

ನಿರಂಜನ ಕನ್ನಡಕ ತೆಗೆದು ಒರೆಸಿದ. ಒರೆಸಿ ಮತ್ತೆ ಹಾಕಿಕೊಂಡ.

'ನಮ್ಮ ಹೆಸರು, ದೊಡ್ಡವ್ವ' ಎಂದ.

ಆ ಮಾತು ಕೇಳಿ ದುರುಗಕ್ಕನ ಮುಖ ಒಮ್ಮೆಲೇ ಅರಳಿತು. ಒದ್ದೆ ಕೈಯನ್ನು ಅವನ ತಲೆಯ ಮೇಲಿಟ್ಟಳು. 'ನೂರು ಕಾಲ ಬಾಳಪ್ಪ. ನೀನು ಹುಟ್ಟಿದ್ದು ಬರೆದಾತು ಅಂದ್ಮೇಲೆ ನಾನು ಇದ್ದಿದ್ದೂ ಬರೆದಂಗೇ ಆತು. ನಾಳೆ ಆಪೀಸಿನಾಗೆ ನಾನು ಬಾಯಿ ಬಿಡೋದೇ ಬ್ಯಾಡ. ಆ ಬುಕ್ಕು ತಗದು ನೋಡ್ರಿ ಅಂತೀನಿ' ಎಂದಳು.

ರೋಜಾ ನಿರಂಜನನ ಮುಖ ನೋಡಿದಳು. ಅವನು ನೆಲದಲ್ಲಿದ್ದ ಟೇಪನ್ನು ಸುತ್ತತೊಡಗಿದ.